ನಾಯಿ ಬಿಟ್ಟುಹೋಗುವ ಮನೆ

ಮೇ ತಿಂಗಳು ಹತ್ತಿರ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ, ತುಳು ಮನೆಗಳಲ್ಲಿ ಊರಿಗೆ ಹೋಗುವ ಮಾತು ಶುರುವಾಗುತ್ತದೆ. ಮಕ್ಕಳಿಗೆ ಶಾಲೆ ರಜೆ, ಊರಲ್ಲಿ ಮದುವೆ, ದೈವದ ನೇಮ. ಕೊಂಕಣ ರೈಲ್ವೆಯ ಹಳಿ 1998ರಲ್ಲಿ ಪೂರ್ತಿ ತೆರೆದ ಮೇಲೆ ಈ ದಾರಿ ಸಲೀಸಾಗಿದೆ. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದವರು ರಾತ್ರಿ ಕಳೆಯುವಷ್ಟರಲ್ಲಿ ಉಡುಪಿ ಸೇರುತ್ತಾರೆ. ಮನೆಯಲ್ಲಿ ನಾಯಿ ಇರುವವರಿಗೆ ಮಾತ್ರ ದಾರಿ ಅಷ್ಟು ಸಲೀಸಲ್ಲ. ಸ್ಲೀಪರ್, ತ್ರೀ ಟಯರ್, ಟೂ ಟಯರ್ ಡಬ್ಬಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಫಸ್ಟ್ ಕ್ಲಾಸಿನ ಇಡೀ ಕೂಪೆ ಕಾದಿರಿಸಬೇಕು, ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಊರಿನ ಹಳೆಮನೆಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಯಜಮಾನರು ನಾಲ್ಕು ದಿನ ಇಲ್ಲದಿದ್ದರೆ ನಾಯಿ ಅಂಗಳದಲ್ಲೇ ಬಿದ್ದಿರುತ್ತಿತ್ತು, ನೆರೆಮನೆಯವರು ಗಂಜಿ ಹಾಕುತ್ತಿದ್ದರು. ಏಳನೇ ಮಹಡಿಯ ಫ್ಲ್ಯಾಟಿಗೆ ಅಂಗಳವಿಲ್ಲ. ಆ ಅಂಗಳವನ್ನೂ ಆ ನೆರೆಮನೆಯನ್ನೂ ದಿನಕ್ಕಿಷ್ಟು ಎಂದು ಹಣ ಕೊಟ್ಟು ಪಡೆಯುವ ಏರ್ಪಾಡೇ ನಾಯಿಗಳ ಬೋರ್ಡಿಂಗ್.

ಇದರಲ್ಲಿ ಹಲವು ಬಗೆಗಳಿವೆ. ಇಲ್ಲಿ ತೂಗಿ ನೋಡಬೇಕೆಂದಿರುವುದು ಒಂದು ಕುಟುಂಬ ತನ್ನ ಮನೆಯಲ್ಲೋ ಮನೆಗೆ ಅಂಟಿಕೊಂಡ ಜಾಗದಲ್ಲೋ ನಡೆಸುವ ಬೋರ್ಡಿಂಗನ್ನು. ಗಂಡ, ಹೆಂಡತಿ, ಬೆಳೆದ ಮಕ್ಕಳು, ಹೆಚ್ಚೆಂದರೆ ಒಬ್ಬ ಸಹಾಯಕ. ರೋ ಹೌಸಿನ ಕೆಳಮಹಡಿ, ಹಳೆ ಬಂಗಲೆಯ ಹಿತ್ತಿಲು, ಟಿಟ್ವಾಳಾ, ಬದಲಾಪುರದ ಕಡೆ ತಗಡು ಹೊದಿಸಿದ ಶೆಡ್ಡು. ಇವರು ಗಿರಾಕಿಗಳಿಗೆ ಹೇಳುವ ಮೊದಲ ಮಾತು ‘ಮನೆಯಂಥ ವಾತಾವರಣ, ಪಂಜರವಿಲ್ಲ’. ಈ ಮಾತನ್ನು ಜಾಹೀರಾತೆಂದು ತಳ್ಳಿಹಾಕುವುದು ಸುಲಭ, ಕೇಳಿದೊಡನೆ ನಂಬಿಬಿಡುವುದು ಇನ್ನೂ ಸುಲಭ. ಎರಡೂ ತಪ್ಪು. ಈ ಊರುಗಳ ಬದುಕಿಗೆ ಕುಟುಂಬದ ಬೋರ್ಡಿಂಗೇ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವ ಪದ್ಧತಿ ಎಂಬುದು ನನ್ನ ನಿಲುವು. ಆದರೆ ಅದನ್ನು ಒಳ್ಳೆಯದಾಗಿಸುವುದು ಅವರ ನಾಯಿಪ್ರೀತಿಯೊಂದೇ ಅಲ್ಲ, ಅವರು ತಮಗೆ ತಾವೇ ಹಾಕಿಕೊಂಡ ಮಿತಿ. ಎಷ್ಟು ನಾಯಿಗಳಿವೆ, ರಾತ್ರಿ ಹತ್ತಿರ ಯಾರು ಮಲಗುತ್ತಾರೆ, ಏನು ಬರೆದಿಟ್ಟಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಸಿಗುವ ಕಡೆ ಮನೆ ಎಂಬ ಮಾತಿಗೆ ಅರ್ಥವಿದೆ. ಸಿಗದ ಕಡೆ ಪ್ರೀತಿ ಎಷ್ಟೇ ಇರಲಿ, ನಾಯಿಗೆ ಅದು ಮನೆಯಾಗುವುದಿಲ್ಲ.

ಮೊದಲು ಸಂಖ್ಯೆಯ ವಿಚಾರ. ಒಂದು ನಾಯಿಯನ್ನು ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಪಟ್ಟಾ ಹಿಡಿದು ಅಡ್ಡಾಡಿಸುವುದು ಹೆಚ್ಚಿನ ಉಪಚಾರವೇನಲ್ಲ, ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಅದು ಶೌಚದ ಹೊತ್ತು. ಹನ್ನೆರಡು ನಾಯಿಗಳಿದ್ದರೆ ದಿನಕ್ಕೆ ಎಂಟು ಗಂಟೆ ಇದಕ್ಕೇ ಹೋಯಿತು. ಹೊಂದಿಕೊಳ್ಳುವ ಎರಡೆರಡನ್ನು ಜೊತೆಗೆ ಒಯ್ದರೆ ನಾಲ್ಕು ಗಂಟೆ. ಇದರ ಮೇಲೆ ಎರಡು ಹೊತ್ತಿನ ಊಟ, ನೆಲ ತೊಳೆಯುವುದು, ಮಾತ್ರೆ, ಮೈ ಬಾಚಿ ಉಣ್ಣೆ ಹೆಕ್ಕುವುದು, ಮಾಲೀಕರ ಫೋನಿಗೆ ವಿಡಿಯೋ ಕಳಿಸುವುದು. ಇಬ್ಬರು ದುಡಿಯುವ ಮನೆಗೆ ಇದು ಕೈತುಂಬ ಕೆಲಸ. ಅದೇ ಮನೆ ಮೇ ತಿಂಗಳಲ್ಲೋ ದೀಪಾವಳಿಯಲ್ಲೋ ಇಪ್ಪತ್ತೈದು ನಾಯಿಗಳನ್ನು ಒಪ್ಪಿಕೊಂಡಿತೆನ್ನಿ. ಅಡ್ಡಾಡಿಸುವುದಕ್ಕೇ ಹದಿನಾರು ಗಂಟೆ ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಯಾರಲ್ಲೂ ಇಲ್ಲ. ಹಾಗಾಗಿ ಆಗ ಮೊದಲು ಬಿಟ್ಟುಹೋಗುವುದು ಅಡ್ಡಾಟ, ಆಮೇಲೆ ಒಂದೊಂದಾಗಿ ಗಮನಿಸುವುದು, ಕೊನೆಗೆ ಚೈನು ಬರುತ್ತದೆ. ಪಂಜರವಿಲ್ಲ ಎಂದವರ ಮನೆಯಲ್ಲೇ ಕಿಟಕಿಯ ಸರಳಿಗೆ ನಾಯಿ ಕಟ್ಟಿರುವುದು ಹೀಗೆ. ಅದಕ್ಕೆ ಕ್ರೌರ್ಯ ಬೇಕಾಗಿಲ್ಲ, ಲೆಕ್ಕ ತಪ್ಪಿದರೆ ಸಾಕು. ರಜೆಯ ದಿನಗಳಲ್ಲಿ ‘ಜಾಗವಿಲ್ಲ’ ಎಂದು ಹೇಳಬಲ್ಲ ಕುಟುಂಬವೇ ನಂಬತಕ್ಕ ಕುಟುಂಬ. ವರ್ಷದ ಸಂಪಾದನೆಯ ದೊಡ್ಡ ಪಾಲು ಬರುವ ವಾರದಲ್ಲಿ ಹಾಗೆ ಹೇಳುವುದು ಎಷ್ಟು ಕಷ್ಟವೆಂದು ತಿಳಿದೇ ಈ ಮಾತು ಬರೆಯುತ್ತಿದ್ದೇನೆ.

ಹೊಸದಾಗಿ ಬಂದ ನಾಯಿಯ ಮೊದಲ ದಿನವನ್ನು ಹತ್ತಿರದಿಂದ ನೋಡಿದರೆ ಸಂಖ್ಯೆ ಯಾಕೆ ಮುಖ್ಯವೆಂದು ಗೊತ್ತಾಗುತ್ತದೆ. ಮಾಲೀಕರ ರಿಕ್ಷಾ ತಿರುಗಿದ ಮೇಲೆ ಅದು ಗೇಟಿನ ಕಡೆ ಮುಖ ಮಾಡಿ ಕೂರುತ್ತದೆ. ತಟ್ಟೆ ಇಟ್ಟರೆ ಮೂಸಿ ಬಿಡುತ್ತದೆ. ನೀರನ್ನೂ ಯಾರೂ ನೋಡದಾಗ ಕುಡಿಯುತ್ತದೆ. ಎರಡನೇ ದಿನ ಕೆಲವಕ್ಕೆ ಭೇದಿ; ರೋಗದಿಂದಲ್ಲ, ಗಾಬರಿಯಿಂದ. ಅನುಭವವಿರುವವರು ಆಗ ಬಲವಂತ ಮಾಡುವುದಿಲ್ಲ. ಮನೆಯಿಂದ ತಂದ, ಒಗೆಯದ ಹಳೆ ಬೆಡ್‌ಶೀಟನ್ನು ಹಾಸಿ ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಇದು ಬರಿಯ ಅಕ್ಕರೆಯಲ್ಲ, ಇದರ ಹಿಂದೆ ಆಧಾರವಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗೊರಿ ಬರ್ನ್ಸ್ ತಂಡ ಹನ್ನೆರಡು ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗಲು ಕಲಿಸಿ, ಬೇರೆಬೇರೆ ವಾಸನೆ ತೋರಿಸಿ ಮಿದುಳನ್ನು ಗಮನಿಸಿತು. ಮಿದುಳಿನಲ್ಲಿ ಒಳ್ಳೆಯದರ ನಿರೀಕ್ಷೆಗೆ ಸಂಬಂಧಪಟ್ಟ ಭಾಗ ಹೆಚ್ಚು ಚುರುಕಾದದ್ದು ಪರಿಚಯದ ಮನುಷ್ಯನ ವಾಸನೆಗೆ. ಅವನು ಎದುರಿಗಿಲ್ಲದಿದ್ದರೂ ಹಾಗಾಯಿತು. ಬೆಡ್‌ಶೀಟ್ ಮಾಡುವ ಕೆಲಸ ಅದೇ. ಯಾವ ಬೆಡ್‌ಶೀಟ್ ಯಾವ ನಾಯಿಯದು, ಯಾವುದು ಚಿಕನ್ ಅನ್ನಕ್ಕೆ ಮೊಸರಿದ್ದರೆ ಮಾತ್ರ ಬಾಯಿ ಹಾಕುತ್ತದೆ, ಯಾವುದು ತಟ್ಟೆಯ ಹತ್ತಿರ ಇನ್ನೊಂದು ಬಂದರೆ ಕಚ್ಚಲು ಹೋಗುತ್ತದೆ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ಒಬ್ಬರು ಅಲ್ಲಿರಬೇಕು. ಪಾಳಿ ಬದಲಾದಂತೆ ಮುಖ ಬದಲಾಗುವ ಕಡೆ ಈ ನೆನಪು ಉಳಿಯುವುದು ಕಷ್ಟ. ಮನೆಯಲ್ಲಿ ಅದೇ ಅಮ್ಮ, ಅದೇ ದನಿ, ಅದೇ ಹೊತ್ತು. ಕುಟುಂಬದ ಬೋರ್ಡಿಂಗಿನ ನಿಜವಾದ ಬಂಡವಾಳ ಇದು.

ಎರಡನೆಯದು ರಾತ್ರಿ. ಜಾಗದ ಬೆಲೆ ಏರಿದಂತೆ ಬೋರ್ಡಿಂಗ್‌ಗಳು ಊರ ಅಂಚಿಗೆ ಸರಿಯುವುದು ಸಹಜ. ಈ ಪ್ರದೇಶದಲ್ಲಿ ಅಂಚು ಎಂದರೆ ಒಂದು ಕಡೆ ಕಾಡು, ಇನ್ನೊಂದು ಕಡೆ ನದಿ. ಥಾಣೆಯ ಯೇವೂರು ಬೆಟ್ಟ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸೆರಗು. ಅಲ್ಲಿನ ಚಿರತೆಗಳಿಗೆ ನಾಯಿ ಮಾಮೂಲಿ ಆಹಾರ. ಕಲ್ಯಾಣ, ಬದಲಾಪುರದ ಬದಿಯಲ್ಲಿ ಉಲ್ಲಾಸ ನದಿ. 2005ರ ಜುಲೈ 26ರ ಮಳೆಯಲ್ಲಿ ಅದು ಉಕ್ಕಿದ್ದನ್ನು ಹಳಬರು ಮರೆತಿಲ್ಲ. 2019ರ ಜುಲೈ 27ರಂದು ಬದಲಾಪುರ, ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿ ಸುಮಾರು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ರೈಲನ್ನೇ ನಿಲ್ಲಿಸಿದ ನೀರು ಚಿಲಕ ಹಾಕಿದ ಶೆಡ್ಡಿಗೆ ನುಗ್ಗಿದರೆ ಒಳಗಿನ ನಾಯಿ ಎಲ್ಲಿಗೆ ಹೋಗಬೇಕು? ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ದೊಡ್ಡ ತಳಿಗಳಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ, ಅದು ಬೆಳಗಾಗಲಿ ಎಂದು ಕಾಯುವುದಿಲ್ಲ. ಪಟಾಕಿಯ ರಾತ್ರಿಗಳಲ್ಲಿ ಹೆದರಿದ ನಾಯಿ ಗೋಡೆ ಹಾರುತ್ತದೆ, ಬಲೆ ಹರಿಯುತ್ತದೆ. ಮನೆಯವರು ರಾತ್ರಿ ಬೀಗ ಹಾಕಿ ಬೇರೆಡೆ ಮಲಗುವುದಾದರೆ ಹಗಲಿನ ಮುದ್ದೆಲ್ಲ ವ್ಯರ್ಥ.

ಈಗ ಕುಟುಂಬದ ಬೋರ್ಡಿಂಗ್ ಸೋಲುವ ಜಾಗಕ್ಕೆ ಬರೋಣ. ಅದು ಕಾಯಿಲೆ. ಪಾರ್ವೊ ವೈರಸ್ ಮಲದ ಮೂಲಕ ಹರಡುತ್ತದೆ, ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಸ್ವಚ್ಛತೆ ಎಂದರೆ ಫಿನಾಯಿಲ್ ವಾಸನೆ, ಆದರೆ ಫಿನಾಯಿಲನ್ನು ನಂಬಿ ಪಾರ್ವೊ ಹೋಯಿತೆನ್ನಲಾಗದು. ಬ್ಲೀಚ್ ಬೆರೆಸಿದ ನೀರನ್ನು ಹಾಕಿ ಹತ್ತು ನಿಮಿಷವಾದರೂ ಬಿಡಬೇಕು. ಸೋಂಕು ತಗಲಿದ ಮೂರರಿಂದ ಏಳು ದಿನಕ್ಕೆ ವಾಂತಿಭೇದಿ ಕಾಣಿಸುವುದರಿಂದ, ಬೋರ್ಡಿಂಗಿನಲ್ಲಿ ಹತ್ತಿದ್ದು ಅನೇಕ ಸಲ ನಾಯಿ ಮನೆಗೆ ಮರಳಿದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅದೇ ನೆಲದ ಮೇಲೆ ಇನ್ನಷ್ಟು ನಾಯಿಗಳು ಓಡಾಡಿರುತ್ತವೆ. ಕೆನೆಲ್ ಕಾಫ್ ಗಾಳಿಯಲ್ಲೇ ಹರಡುತ್ತದೆ. ಮಳೆಗಾಲದಲ್ಲಿ ಇಲಿಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್, ಉಣ್ಣೆಯಿಂದ ಟಿಕ್ ಜ್ವರ. ಎಲ್ಲ ನಾಯಿಗಳೂ ಒಂದೇ ಹಾಲಿನಲ್ಲಿ ಆಡಿಕೊಂಡಿರಲಿ ಎಂಬ ಮನೆಯವರ ಉದಾರತೆ ಇಲ್ಲಿ ಅಪಾಯವಾಗುತ್ತದೆ. ಲಸಿಕೆ ಕಾರ್ಡು ನೋಡದೆ ‘ಪರಿಚಯದವರ ನಾಯಿ’ ಎಂದು ಒಳಗೆ ಬಿಡುವುದು, ಬೇರೆ ಇರಿಸಲು ಒಂದು ಕೋಣೆಯನ್ನೂ ಖಾಲಿ ಉಳಿಸಿಕೊಳ್ಳದಿರುವುದು, ಯಾವ ದಿನ ಯಾವ ನಾಯಿ ಎಷ್ಟು ತಿಂದಿತು, ಮಲ ಹೇಗಿತ್ತು ಎಂದು ಬರೆಯದಿರುವುದು, ಇವು ಮನೆ ಎಂಬ ಭಾವನೆಯೇ ತಂದುಕೊಡುವ ದೋಷಗಳು. ಮನೆಯಲ್ಲಿ ಯಾರೂ ಹಾಜರಿ ಪುಸ್ತಕ ಇಡುವುದಿಲ್ಲ. ಬೋರ್ಡಿಂಗಿನಲ್ಲಿ ಇಡಲೇಬೇಕು.

ಹಾಗಿದ್ದರೆ ಕರ್ಜತ್, ಪನ್ವೇಲ್ ಕಡೆಯ ದೊಡ್ಡ ಪೆಟ್ ರೆಸಾರ್ಟುಗಳೇ ವಾಸಿಯಲ್ಲವೇ ಎಂದು ಕೇಳಬಹುದು. ಅಲ್ಲಿ ಕ್ಯಾಮೆರಾ ಇದೆ, ಈಜುಕೊಳವಿದೆ, ಕರೆದರೆ ಬರುವ ವೈದ್ಯರಿರುತ್ತಾರೆ. ಪ್ರತ್ಯೇಕ ಕೋಣೆ ಮತ್ತು ವೈದ್ಯರ ನಂಟಿನ ವಿಷಯದಲ್ಲಿ ಅವರ ಕೈ ಮೇಲು, ಇದನ್ನು ಒಪ್ಪಬೇಕು. ಆದರೆ ಕ್ಯಾಮೆರಾ ಮಾಲೀಕರ ಸಮಾಧಾನಕ್ಕೆ. ನಾಯಿ ನರಳಿದಾಗ ಕ್ಯಾಮೆರಾ ಎದ್ದು ಬರುವುದಿಲ್ಲ. ಈಜುಕೊಳ ಮುದಿ ಲ್ಯಾಬ್ರಡಾರಿನ ಸಂಧಿನೋವಿಗೆ ಉಪಯೋಗವಾದೀತು, ಉಸಿರಿಗೇ ಒದ್ದಾಡುವ ಪಗ್‌ಗೆ ಅಪಾಯ. ದೂರವೂ ಒಂದು ಲೆಕ್ಕ. ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದು ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವ ಕುಟುಂಬಕ್ಕೆ ಬೇಕಾದದ್ದು ರಿಕ್ಷಾದಲ್ಲಿ ಮುಟ್ಟುವ ದೂರದಲ್ಲಿರುವ, ಹೊರಡುವ ಮೊದಲು ಒಂದೆರಡು ಸಲ ಹೋಗಿ ನೋಡಬಹುದಾದ ಜಾಗ. ಹೀಗೆ ಮೊದಲೇ ನೋಡಲು ಸಾಧ್ಯವಾಗುವುದೇ ನಾಯಿಯ ಸುರಕ್ಷತೆಯ ಅರ್ಧ.

ನೆರೆಹೊರೆಯವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸೊಸೈಟಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬೋರ್ಡಿಂಗ್ ನಡೆಸುವವರು ತಮ್ಮ ರಕ್ಷಣೆಗೆ ಇದನ್ನು ಮುಂದಿಡುವುದು ಸರಿಯಲ್ಲ. ಅದು ಮನೆಯಲ್ಲಿ ನಾಯಿ ಸಾಕುವವರ ಹಕ್ಕಿನ ಮಾತು, ವ್ಯಾಪಾರದ ಪರವಾನಗಿಯಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಒಂದು ನಾಯಿ ಬೊಗಳಿದರೆ ಹತ್ತು ದನಿಗೂಡಿಸುವ ಮನೆ ಇದನ್ನು ಪಾಲಿಸಲಾರದು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಕಾಯಿಲೆಯವರಿದ್ದಾರೆ. ಅವರ ದೂರನ್ನು ನಾಯಿದ್ವೇಷ ಎಂದು ಕರೆಯುವುದು ಅನ್ಯಾಯ. ಇಲ್ಲಿಯೂ ಮದ್ದು ಸಂಖ್ಯೆಯೇ. ದಣಿಯುವಷ್ಟು ನಡೆದ, ಹೊತ್ತಿಗೆ ಸರಿಯಾಗಿ ಉಂಡ ಐದಾರು ನಾಯಿಗಳು ರಾತ್ರಿ ಮಲಗುತ್ತವೆ.

ಕಾನೂನು ಈ ಕೆಲಸವನ್ನು ಎಷ್ಟು ಕಾಯುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅತಿ ಹೊತ್ತು ಕಟ್ಟಿಹಾಕುವುದನ್ನೂ ಇಕ್ಕಟ್ಟಿನ ಗೂಡಿನಲ್ಲಿಡುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ನಾಯಿ ತಳಿ ಮತ್ತು ಮಾರಾಟದ 2017ರ ನಿಯಮಗಳಲ್ಲಿ ಬೋರ್ಡಿಂಗ್ ನಡೆಸುವವರ ಹೆಸರು ಬರುತ್ತದಾದರೂ ಅವುಗಳ ಕಣ್ಣಿರುವುದು ಮರಿ ಮಾಡಿಸಿ ಮಾರುವವರ ಮೇಲೆ. ಬೋರ್ಡಿಂಗಿನ ದಿನಚರಿಗೆ ಹೆಚ್ಚು ಹತ್ತಿರವಾದದ್ದು 1872ರ ಕರಾರು ಕಾಯ್ದೆಯ 151ನೇ ಕಲಮು: ಇನ್ನೊಬ್ಬರದನ್ನು ಇಟ್ಟುಕೊಂಡವರು, ವಿವೇಕವಿರುವ ಸಾಮಾನ್ಯ ಮನುಷ್ಯ ತನ್ನದನ್ನು ನೋಡಿಕೊಳ್ಳುವಷ್ಟು ಜತನದಿಂದ ಅದನ್ನು ನೋಡಿಕೊಳ್ಳಬೇಕು. ವಸ್ತುವಿಗಾಗಿ ಬರೆದ ಮಾತು ಜೀವಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಬಿಗಿ ನಿಯಮ ತಂದರೆ ಸಣ್ಣ ಕುಟುಂಬಗಳು ಮುಚ್ಚಿಹೋಗುತ್ತವೆ, ಬಂಡವಾಳದವರು ಮಾತ್ರ ಉಳಿಯುತ್ತಾರೆ ಎಂಬ ಭಯವಿದೆ. ಭಯ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವ ಮೂರಕ್ಕೂ ಬಂಡವಾಳ ಬೇಡ. ನಾಯಿಗಳ ಮಿತಿಯನ್ನು ಬಾಗಿಲಲ್ಲಿ ಬರೆದು ಹಾಕುವುದು, ರಾತ್ರಿ ಮನೆಯವರೊಬ್ಬರು ಕೂಗು ಕೇಳುವ ದೂರದಲ್ಲಿ ಮಲಗುವುದು, ನೂರು ಪುಟದ ಒಂದು ನೋಟ್‌ಬುಕ್. ಮಹಾನಗರಪಾಲಿಕೆಗಳು ಈ ಮೂರನ್ನಷ್ಟೇ ನೋಡಿ ನೋಂದಣಿ ಕೊಟ್ಟರೂ ಪದ್ಧತಿ ಬಹಳಷ್ಟು ಸುಧಾರಿಸುತ್ತದೆ.

ಅಲ್ಲಿಯವರೆಗೆ ಪರೀಕ್ಷೆ ಮಾಡುವ ಹೊಣೆ ನಾಯಿಯ ಮನೆಯವರದೇ. ಊರಿನ ಟಿಕೆಟ್ ತೆಗೆಯುವ ದಿನವೇ ಬೋರ್ಡಿಂಗನ್ನೂ ಹೋಗಿ ನೋಡಿ. ಲಸಿಕೆ ಬಾಕಿಯಿದ್ದರೆ ಹೊರಡುವ ಎರಡು ವಾರ ಮೊದಲೇ ಹಾಕಿಸಿ. ನಾಯಿಯನ್ನು ಮೊದಲು ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆ ಹದಿನೈದು ದಿನದ ಮಾತಾಡಿ. ಬಾಡಿಗೆ ಎಷ್ಟೆಂದು ಕೇಳುವ ಮೊದಲು, ಈಗ ಎಷ್ಟು ನಾಯಿಗಳಿವೆ, ರಾತ್ರಿ ಯಾರಿರುತ್ತೀರಿ, ನಿನ್ನೆಯ ಪುಟ ತೋರಿಸುತ್ತೀರಾ ಎಂದು ಕೇಳಿ. ಲಸಿಕೆ ಕಾರ್ಡು ತಂದಿಲ್ಲವೆಂದು ನಿಮ್ಮನ್ನೇ ಹಿಂದಕ್ಕೆ ಕಳಿಸುವ ಮನೆ ಸಿಕ್ಕರೆ ಬೇಸರಪಡಬೇಡಿ. ಕಾರ್ಡು ತೆಗೆದುಕೊಂಡು ಅದೇ ಮನೆಗೆ ಮರಳಿ ಹೋಗಿ.