ಟೇಬಲಿನೊಳಗಿನ ಟೇಬಲ್: ವಾಟಿರ್ ಎಷ್ಟು ಸರಿ?

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಕಡೆಯ ಪಹಣಿಯೊಂದನ್ನು ತೆಗೆದುಕೊಳ್ಳಿ. ನಮೂನೆ 16ರ ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಖರಾಬು ಅ, ಖರಾಬು ಬ, ಉಳಿದದ್ದು ಎಂಬ ಒಳಪಾಲುಗಳಿವೆ. ಒಂಬತ್ತನೇ ಕಾಲಂನಲ್ಲಿ ಜಂಟಿ ಖಾತೆದಾರರಿದ್ದರೆ ಒಬ್ಬೊಬ್ಬರಿಗೂ ಹೆಸರು, ವಿಸ್ತೀರ್ಣ, ಖಾತೆ ಸಂಖ್ಯೆ. ಇಂಥ ನಮೂನೆಯನ್ನು ಎಚ್‌ಟಿಎಂಎಲ್ ಪುಟವಾಗಿಸುವವರಿಗೆ ಟೇಬಲಿನ ಕೋಶದಲ್ಲಿ ಮತ್ತೊಂದು ಟೇಬಲ್ ಇಡುವುದೇ ಸುಲಭದ ದಾರಿ. ಪುಟವನ್ನು ತಾನಾಗಿ ಪರೀಕ್ಷಿಸುವ ಲೈಬ್ರರಿಯ ಯೋಗ್ಯತೆ ತಿಳಿಯುವುದೂ ಅಲ್ಲೇ.

ಹೊರಟೇಬಲಿನಲ್ಲಿ ಮೂರು ಸಾಲು, ಒಂದು ಕೋಶದೊಳಗೆ ನಾಲ್ಕು ಖಾತೆದಾರರ ಒಳಟೇಬಲ್ ಇದೆ ಎನ್ನೋಣ. ಬ್ರೌಸರನ್ನು ಕೋಡಿನಿಂದ ನಡೆಸುವ ಸೆಲೆನಿಯಮ್‌ನಲ್ಲಿ ಹೊರಟೇಬಲ್ ಹಿಡಿದು ಸಾಲಿನ ‘ಟಿಆರ್’ ಟ್ಯಾಗ್ ಹುಡುಕಿದರೆ ಉತ್ತರ ಏಳು. ಕೇಳಿದ್ದಕ್ಕೆ ಅದು ಸರಿ, ಬೇಕಾದದ್ದಕ್ಕೆ ತಪ್ಪು. ಎಕ್ಸ್‌ಪಾತ್ ಬರೆದು ತಿದ್ದಬಹುದು, ಆದರೆ ಅಲ್ಲೂ ಎರಡು ಗುಂಡಿಗಳಿವೆ. ಮೊದಲಿಗೆ ಚುಕ್ಕಿ ಇಡದೆ ಎರಡು ಓರೆಗೆರೆ ಹಾಕಿದರೆ ಹುಡುಕಾಟ ಟೇಬಲನ್ನು ಬಿಟ್ಟು ಇಡೀ ಪುಟಕ್ಕೆ ಹಬ್ಬುತ್ತದೆ. ಮೂಲದಲ್ಲಿ ‘ಟಿಬಾಡಿ’ ಬರೆಯದಿದ್ದರೂ ಬ್ರೌಸರ್ ತಾನೇ ಸೇರಿಸುವುದರಿಂದ, ಟೇಬಲಿನ ನೇರ ಮಗುವಾಗಿ ‘ಟಿಆರ್’ ಕೇಳಿದರೆ ಏನೂ ಸಿಗುವುದಿಲ್ಲ.

ಸೆಲೆನಿಯಮ್ ವೆಬ್‌ಡ್ರೈವರ್ ಮೇಲೆಯೇ ನಿಂತ ರೂಬಿ ಲೈಬ್ರರಿ ವಾಟಿರ್ ಇಲ್ಲಿ ಮೇಲು. ಅದರ ‘ರೋಸ್’ ಕೊಡುವುದು ಆ ಟೇಬಲಿಗೇ ಸೇರಿದ ಮೂರು ಸಾಲು. ಒಳಗಿನವೂ ಬೇಕೆಂದರೆ ‘ಟಿಆರ್‌ಎಸ್’ ಕೇಳಬೇಕು, ಆಗ ಏಳು. ಬ್ರೌಸರಿನ ಡಾಮ್‌ನಲ್ಲಿಯೂ ಟೇಬಲಿನ ‘ರೋಸ್’ ಎಂದರೆ ಅದರ ಸ್ವಂತ ಸಾಲುಗಳೇ. ಹೊಸ ಲೆಕ್ಕ ಹೂಡದೆ ಬ್ರೌಸರಿನ ಲೆಕ್ಕವನ್ನೇ ಪಾಲಿಸಿದ್ದು ವಾಟಿರ್‌ನ ವಿವೇಕ.

ಹಾಗೆಂದು ಎಲ್ಲಕ್ಕೂ ಭೇಷ್ ಎನ್ನಲಾಗದು. ಇಷ್ಟು ದೊಡ್ಡ ಅಂತರವನ್ನು ಎರಡು ಹೆಸರುಗಳ ಹಿಂದೆ ಬಚ್ಚಿಟ್ಟದ್ದು ಕೊರತೆ: ಕೋಡ್ ಓದುವ ಹೊಸಬರಿಗೆ ಎರಡೂ ಒಂದೇ ಎನಿಸುತ್ತವೆ, ಒಳಟೇಬಲ್ ಇಲ್ಲದ ಪುಟದಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆ. ಕೋಶದ ಪಠ್ಯ ಕೇಳಿದರೆ ಒಳಟೇಬಲ್ ಪೂರ್ತಿ ಕಲಸಿ ಒಂದೇ ಮುದ್ದೆಯಾಗಿ ಬರುತ್ತದೆ. ಯಾವುದು ಹೆಸರು, ಯಾವುದು ವಿಸ್ತೀರ್ಣ ಎಂದು ಬೇರ್ಪಡಿಸುವ ಕೋಶದ ಗಡಿ ಉಳಿಯುವುದಿಲ್ಲ. ತಲೆಸಾಲಿನ ಹೆಸರುಗಳಿಗೆ ಕೋಶಗಳನ್ನು ಜೋಡಿಸುವ ‘ಹ್ಯಾಶಸ್’, ಕೋಶಗಳ ಸಂಖ್ಯೆ ಹೊಂದದಿದ್ದರೆ ಎರರ್ ಎಸೆದು ನಿಲ್ಲುತ್ತದೆ. ಇದನ್ನು ದೋಷವೆನ್ನುವವರಿದ್ದಾರೆ. ನನಗಿದು ಗುಣ: ಒಬ್ಬರ ಜಮೀನು ಇನ್ನೊಬ್ಬರ ಹೆಸರಿಗೆ ಸದ್ದಿಲ್ಲದೆ ಜೋಡಿಸಿ ‘ಪಾಸ್’ ಎನ್ನುವ ಪರೀಕ್ಷೆಗಿಂತ ಕೆಂಪಾಗಿ ನಿಲ್ಲುವ ಪರೀಕ್ಷೆ ಮೇಲು.

ಆದರೆ ಲೈಬ್ರರಿ ಎಷ್ಟೇ ಜಾಣವಾದರೂ ಸ್ಥಾನಸಂಖ್ಯೆ ನಂಬಿ ಬರೆದ ಪರೀಕ್ಷೆಯನ್ನು ಕಾಪಾಡಲಾರದು. ಬಂಗಾರಪೇಟೆಗೆ ಸೇರಿದ್ದ ಬೇತಮಂಗಲ ಈಗ ಹೊಸ ಕೆಜಿಎಫ್ ತಾಲ್ಲೂಕಿನಲ್ಲಿದೆ. ಕೋಲಾರ ಜಿಲ್ಲೆಯ ತಾಲ್ಲೂಕು ಪಟ್ಟಿಗೆ ಒಂದು ಹೆಸರು ಹೆಚ್ಚಿದ್ದಕ್ಕೇ ಪರೀಕ್ಷೆ ನಂಬಿದ ‘ಮೂರನೆಯ ಸಾಲು’ ಬೇರೆಯಾಗಬಹುದು. ಹೊರಟೇಬಲಿನ ಸಾಲನ್ನು ಸರ್ವೆ ನಂಬರಿನಿಂದ, ಒಳಟೇಬಲನ್ನು ಅದರದೇ ಐಡಿಯಿಂದ ಹಿಡಿದು, ಅಲ್ಲಿ ಹೊಸದಾಗಿ ‘ರೋಸ್’ ಕೇಳುವುದು ಸರಿಯಾದ ಕ್ರಮ. ಅದಕ್ಕೆ ಪುಟ ಬರೆದವರು ಐಡಿ ಕೊಟ್ಟಿರಬೇಕು. ವಾಟಿರ್ ತನ್ನ ಪಾಲಿನ ಕೆಲಸ ಬಹುಮಟ್ಟಿಗೆ ಮಾಡಿದೆ. ಉಳಿದ ಬಾಕಿ ಪುಟ ಕಟ್ಟುವವರದು.