ಮೇಜಿಗೊಪ್ಪುವ ಗಡಿಯಾರ

ದಿನವಿಡೀ ಕಡತ ತಿರುವುವವನ ಕೈಗೆ 300 ಮೀಟರ್ ಆಳದಲ್ಲೂ ನೀರು ತಡೆಯುವ ರೋಲೆಕ್ಸ್ ಸಬ್‌ಮರೀನರ್ ಯಾಕೆ ಬೇಕು? 1953ರಲ್ಲಿ ಸಮುದ್ರದಾಳಕ್ಕೆ ಇಳಿಯುವವರಿಗಾಗಿ ಬಂದ ಆ ಗಡಿಯಾರದ ಗಟ್ಟಿತನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸುಮಾರು 12 ಮಿಲಿಮೀಟರ್ ದಪ್ಪದ ಅದು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಪಟ್ಟಿಯ ಕೊಂಡಿಗೆ ಮೇಜು ಉಜ್ಜಿ ಗೀರು ಬೀಳುತ್ತದೆ. ತೋಳಿನ ಚಲನೆಯಿಂದಲೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಯಂತ್ರಕ್ಕೆ, ಕದಲದೆ ಕೂತವನಿಂದ ಸಾಕಷ್ಟು ಚಲನೆ ಸಿಗದೆಯೂ ಹೋಗಬಹುದು.

ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ ತಯಾರಾಗುವ ನೋಮೋಸ್ ಟಾಂಗೆಂಟೆ ಇದಕ್ಕಿಂತ ಪ್ರಾಮಾಣಿಕ. 35 ಮಿಲಿಮೀಟರ್ ಅಗಲ, 6ಕ್ಕಿಂತ ಸ್ವಲ್ಪವೇ ಹೆಚ್ಚು ದಪ್ಪ, ಚರ್ಮದ ಪಟ್ಟಿ, ಒಂದು ನೋಟಕ್ಕೇ ಓದಿಸಿಕೊಳ್ಳುವ ಅಂಕಿಗಳು. ಪೂರ್ತಿ ಕೀ ಕೊಟ್ಟರೆ ಸುಮಾರು 43 ಗಂಟೆ ನಡೆಯುತ್ತದೆ. ಕೊರತೆಯೂ ಇದೆ: ಸ್ಪೀಕರ್, ಲ್ಯಾಪ್‌ಟಾಪ್‌ಗಳ ಅಯಸ್ಕಾಂತಕ್ಕೆ ತೀರಾ ಹತ್ತಿರವಿಟ್ಟರೆ ಅದರ ಸಮಯ ತಪ್ಪಬಹುದು.

ಬೆಳಿಗ್ಗೆ ಎದ್ದು ಕೀ ಕೊಡುವ ಸುಖ ನಮಗೇನೂ ಹೊಸದಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಗೆ ಇಳಿದ ಎಚ್‌ಎಂಟಿಯ 'ಜನತಾ', ಗುಮಾಸ್ತರ, ಮೇಷ್ಟ್ರುಗಳ ಕೈಯಲ್ಲಿ ಇದೇ ಕೆಲಸವನ್ನು ಅಗ್ಗವಾಗಿ ಮಾಡಿತ್ತು. ಹಾಗಾಗಿ ಲಕ್ಷ ರೂಪಾಯಿ ಮೀರಿದ ಬೆಲೆಯನ್ನು ಯಾರೂ ಸಮಯ ತಿಳಿಯಲೆಂದು ಕೊಡುವುದಿಲ್ಲ, ಅಂದಕ್ಕಾಗಿ ಕೊಡುತ್ತಾರೆ. ಕೊಡುವವರು ಕೊಡಲಿ. ಆ ಅಂದ ತಾವು ನಿಜಕ್ಕೂ ಮಾಡುವ ಕೆಲಸಕ್ಕೆ ಒಪ್ಪುತ್ತದೆಯೇ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಲಿ.