ಅರಗಿನ ಬಣ್ಣ, ಮನೆಯ ಅಂದ

ಮನೆ ಚೆಂದ ಕಾಣಲು ದುಬಾರಿ ಪೀಠೋಪಕರಣವೇ ಬೇಕೆಂಬ ನಂಬಿಕೆಗೆ ಮದ್ದೂರಿನವರು ದೂರ ಹೋಗಿ ಉತ್ತರ ಹುಡುಕಬೇಕಿಲ್ಲ. ಬೆಂಗಳೂರು ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿನ ಕುಶಲಕರ್ಮಿಗಳು ದಂತದಂತೆ ಬೆಳ್ಳಗಿರುವ, ಮೆದುವಾದ ಆಲೆ ಮರವನ್ನು ಲೇತಿಗೆ ಕೊಟ್ಟು ಆಕಾರಕ್ಕೆ ತರುತ್ತಾರೆ. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈತುಂಬ ಹರಡುತ್ತದೆ. ಒಣಗಿದ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಬಣ್ಣ ಮರದ ಮೈಗೇ ಬೆಸೆದುಕೊಳ್ಳುವುದೇ ಈ ಕೆಲಸದ ಹಿರಿಮೆ. ಆಟಿಕೆಗಳಿಂದ ಹೆಸರಾದ ಊರು ದೀಪದ ಕಂಬ, ಪೆನ್ನಿನ ಡಬ್ಬಿ, ಪರದೆಯ ಬಳೆ, ಬಾಗಿಲ ತೋರಣವನ್ನೂ ಮಾಡುತ್ತದೆ.

ಪ್ಲಾಸ್ಟಿಕ್ ಇನ್ನೂ ಅಗ್ಗವಲ್ಲವೇ ಎನ್ನಬಹುದು. ಕೊಳ್ಳುವ ದಿನ ಅಗ್ಗ, ನಿಜ. ಆದರೆ ಅದು ಮಾಸಿ, ಸೀಳಿಹೋಗಿ, ಮತ್ತೆ ಮತ್ತೆ ಕೊಳ್ಳುವಂತೆ ಮಾಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರಗಿಗೂ ಮಿತಿಯಿದೆ: ಬಿಸಿ ಪಾತ್ರೆ, ಸುಡುಬಿಸಿಲು ಅದಕ್ಕೆ ಆಗದು. ಇಷ್ಟು ಎಚ್ಚರ ವಹಿಸಿದರೆ ಸಾಕು. ಇಂಥ ಸಣ್ಣ ವಸ್ತು ಇಡೀ ಕೋಣೆಯನ್ನು ಬದಲಿಸೀತೇ ಎಂಬ ಅನುಮಾನವೂ ಸಹಜ. ಹಳೆಯ ಮಂಚ, ಮೇಜುಗಳನ್ನು ಉಳಿಸಿಕೊಂಡೇ ಗೋಡೆಯ ಬಣ್ಣಕ್ಕೊಪ್ಪುವ ಎರಡು ಮೂರು ಸಾಮಾನು ಆರಿಸಿಟ್ಟರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಹೀಗೆ ಖರ್ಚು ಮಾಡಿದ ಹಣ ನೆರೆಯೂರಿನ ಕಸುಬನ್ನೂ ಉಳಿಸುತ್ತದೆ. ಮನೆಯ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.